ಕಾಚನಗೆರೆಯ ನಲವತ್ತೆರಡು ಸಾಕ್ಷಿಗಳಿಗೆ

ಕಾಚನಗೆರೆ ತಾಳೆಮನೆ
ಮರುನೆಲೆಯ ನೂರ ಹದಿನಾರನೆಯ ವರ್ಷ, ಬಿಸಿಲುಮಾಸದ ಐವತ್ತೇಳನೆಯ ದಿನ

ಕಾಚನಗೆರೆ ಪ್ರೌಢಶಾಲೆಯ ಎಂಟನೆಯ ತರಗತಿ 'ಬಿ' ವಿಭಾಗದ ನಲವತ್ತೆರಡು ವಿದ್ಯಾರ್ಥಿಗಳಿಗೆ, ಮತ್ತು ಅವರ ಸಮಾಜ ವಿಜ್ಞಾನದ ಮೇಷ್ಟ್ರಿಗೆ,

ಹಿಂದೋಲೆ ಬರೆಯುವವರು ಮೊದಲು ಕ್ಷಮೆ ಕೇಳಬೇಕೆಂಬುದು ನಮ್ಮಲ್ಲಿರುವ ಪದ್ಧತಿ. ಹಿಂದೋಲೆ ಎಂದರೆ ಆಗಿಹೋದ ಕಾಲದವರಿಗೆ ಬರೆಯುವ ಪತ್ರ. ಪ್ರತಿ ವರ್ಷ ಬಿಸಿಲುಮಾಸ ಮುಗಿಯುವ ಮುನ್ನ ಊರಿನ ಒಂದೊಂದು ಮನೆಯಿಂದಲೂ ಒಂದೊಂದು ಹಿಂದೋಲೆ ಬರೆದು, ಮಡಕೆಯಲ್ಲಿಟ್ಟು, ಬಾಯಿಗೆ ಅರಗು ಹಾಕಿ ಹೂಳುತ್ತೇವೆ. ಅದು ನಿಮಗೆ ಮುಟ್ಟುತ್ತದೆಯೋ ಇಲ್ಲವೋ ಯಾರಿಗೂ ತಿಳಿಯದು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಒಂದು ತಿಂಗಳಿಗೆ ಅರವತ್ತೊಂದು ದಿನ ಇರುವುದು ಕಂಡು ನಗು ಬರಬಹುದು. ಅದಕ್ಕಾಗಿ ಕ್ಷಮಿಸಿ. ಕ್ಷಮೆ ಕೇಳಿದ್ದಾಯಿತು. ಇನ್ನು ಮುಂದೆ ಈ ಪತ್ರದಲ್ಲಿ ಅಂಥ ಮಾತಿಲ್ಲ.

ಬೇರೆ ಮನೆಯವರು ಹಿಂದೋಲೆಯಲ್ಲಿ ಕೃತಜ್ಞತೆ ಬರೆಯುತ್ತಾರೆ. ಹುಣಸೆ ನೆಟ್ಟವರಿಗೆ, ಬಾವಿಗೆ ಕಲ್ಲು ಕಟ್ಟಿದವರಿಗೆ, ಬಿತ್ತನೆ ರಾಗಿಯನ್ನು ಬೂದಿಯಲ್ಲಿ ಮುಚ್ಚಿಟ್ಟು ಹೋದವರಿಗೆ. ಇಪ್ಪತ್ತೆರಡು ವರ್ಷ ನಾನೂ ಹಾಗೆಯೇ ಬರೆದವಳು. ಈ ವರ್ಷ ನಿಮಗೆ ಬರೆಯುತ್ತಿದ್ದೇನೆ, ಮತ್ತು ನಿಮ್ಮ ಮೇಲೆ ನನಗಿರುವುದು ಸಿಟ್ಟು. ನಿಮ್ಮನ್ನು ಮಕ್ಕಳೇ ಎಂದು ಕರೆಯೋಣವೆಂದರೆ ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿಗಿಂತ ಹಳಬರು. ಹಿರಿಯರೇ ಎಂದು ಕರೆಯಲು ನಾಲಗೆ ಏಳುವುದಿಲ್ಲ. ಆದ್ದರಿಂದ ನಮ್ಮ ತಾಳೆಮನೆಯ ಕಡತದಲ್ಲಿ ನಿಮ್ಮನ್ನು ಹೇಗೆ ಬರೆದುಕೊಂಡಿದ್ದೇವೋ ಹಾಗೆಯೇ ಕರೆಯುತ್ತೇನೆ. ಸಾಕ್ಷಿಗಳೇ, ಕೇಳಿ.

ತಾಳೆಮನೆ ಎಂದರೆ ಹಳೆಯ ಬರಹಗಳನ್ನು ಒಂದರ ಪಕ್ಕ ಒಂದಿಟ್ಟು ತಾಳೆ ನೋಡುವ ಮನೆ. ನಾನು ಅಲ್ಲಿನ ತಾಳೆಗಾರ್ತಿ, ಹೆಸರು ಪಿಳ್ಳಮ್ಮ. ನಿಮ್ಮ ಯಂತ್ರಗಳ ನೆನಪೆಲ್ಲ ಅಳಿಸಿಹೋದ ಕಾಲವನ್ನು ನಾವು ಮಬ್ಬುಗಾಲ ಎನ್ನುತ್ತೇವೆ. ಆಗ ಕಾಚನಗೆರೆಯಲ್ಲಿ ನೀರು ಬತ್ತಿ ಜನ ಊರು ಬಿಟ್ಟರು. ನಾಲ್ಕು ತಲೆಮಾರು ಇಲ್ಲಿ ಒಲೆ ಉರಿಯಲಿಲ್ಲ. ಆಮೇಲೆ ಮೂವತ್ತು ಮನೆಯವರು ಬಂದು ನೆಲೆ ನಿಂತರು. ಅವರು ಬಂದ ವರ್ಷದಿಂದಲೇ ಮರುನೆಲೆಯ ಎಣಿಕೆ ಶುರು. ಇದು ಎಂಥ ಊರು ಎಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಯಾವ ಬಾವಿಯ ನೀರು ಕುಡಿಯಬಹುದು, ಯಾವ ಹೊಲದಡಿ ಬಂಡೆ ಇದೆ, ಯಾವ ಗೋಡೆಯ ಹತ್ತಿರ ಹೋಗಬಾರದು, ಎಲ್ಲವನ್ನೂ ಅಳಿದುಳಿದ ಬರಹಗಳಿಂದಲೇ ತಿಳಿಯಬೇಕಿತ್ತು. ಪಂಚಾಯಿತಿಯ ಕಡತಗಳನ್ನು ಗೆದ್ದಲು ತಿಂದಿತ್ತು. ದೇವಸ್ಥಾನದ ಪುಸ್ತಕಗಳೂ ಮಣ್ಣಾಗಿದ್ದವು. ಶಾಲೆಯ ಕಬ್ಬಿಣದ ಬೀರುವಿನಲ್ಲಿದ್ದ ನಿಮ್ಮ ಪ್ರಾಜೆಕ್ಟುಗಳು ಮಾತ್ರ ಉಳಿದಿದ್ದವು, ಏಕೆಂದರೆ ನೀವು ಪ್ರತಿ ಹಾಳೆಯನ್ನೂ ಪ್ಲಾಸ್ಟಿಕ್ ಕವರಿನೊಳಗೆ ತೂರಿಸಿ ಫೈಲು ಮಾಡಿದ್ದಿರಿ. ಅಂಚಿಗೆ ಮಿಂಚುಪುಡಿ ಅಂಟಿಸಿದ್ದಿರಿ. ಆ ಪುಡಿ ಇವತ್ತಿಗೂ ಬೆರಳಿಗೆ ಹತ್ತುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಪ್ರತಿ ಫೈಲಿನ ಮೇಲೂ ದಪ್ಪ ಅಕ್ಷರದಲ್ಲಿ 'ನಮ್ಮ ಊರಿನ ಕೆರೆ' ಎಂದು ಬರೆದಿದೆ.

ನಾವು ಬದುಕುವ ರೀತಿ ಹೇಳದಿದ್ದರೆ ನಾವು ಹೇಗೆ ಮೋಸ ಹೋದೆವೆಂಬುದು ನಿಮಗೆ ತಿಳಿಯುವುದಿಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ನಮ್ಮ ಮಕ್ಕಳೆಲ್ಲ ಕೆರೆಯ ಏರಿಯ ಮೇಲೆ ಸಾಲಾಗಿ ನಿಂತು ಊರನ್ನು ಒಪ್ಪಿಸುತ್ತಾರೆ. ಬಡಗಣ ಬಾವಿ ಇಪ್ಪತ್ತು ಮೊಳ, ನೀರು ಸಿಹಿ. ಮಠದ ಬಾವಿ ಹದಿನಾರು ಮೊಳ, ನೀರು ಗಡುಸು, ಅದರಲ್ಲಿ ಬೇಳೆ ಬೇಯುವುದಿಲ್ಲ. ಮೂರನೆಯ ಬೇವಿನ ಮರದಿಂದ ಆಚೆಗೆ ನೆಲ ಟೊಳ್ಳು, ದನ ಬಿಡಬಾರದು. ಹೀಗೆ ನಾನೂರು ಸಾಲು. ಒಂದು ಪದ ಆಚೀಚೆಯಾದರೂ ಆ ಮಗು ಅವತ್ತು ಉಳಿದವರ ಮನೆಗಳಿಗೆ ನೀರು ಹೊರಬೇಕು. ಒಪ್ಪಿಸಿ ಮುಗಿದ ಮೇಲೆಯೇ ಸಾಮೆಗಂಜಿ. ಹೊತ್ತೇರಿದ ಮೇಲೆ ಬಿಸಿಲಿನಲ್ಲಿ ಯಾರೂ ನಿಲ್ಲುವ ಹಾಗಿಲ್ಲ; ನೆಲದೊಳಗೆ ತೋಡಿದ ತಂಪುಕೋಣೆಗಳಲ್ಲಿ ಇಳಿಬಿಸಿಲಿನವರೆಗೆ ಕೂರುತ್ತೇವೆ. ನೂಲುವವರು ನೂಲುತ್ತಾರೆ, ಹುರುಳಿ ಕೇರುವವರು ಕೇರುತ್ತಾರೆ, ಅಜ್ಜಿಯರು ಮಕ್ಕಳಿಗೆ ಮರುದಿನದ ಸಾಲನ್ನು ಬಾಯಿಪಾಠ ಮಾಡಿಸುತ್ತಾರೆ. ಕಾಗದ ಕಡಿಮೆ, ನಮ್ಮ ಬಾಯಿಯೇ ನಮ್ಮ ಪುಸ್ತಕ. ಆದ್ದರಿಂದ ಹಿರಿಯರಿಂದ ಕೇಳಿದ್ದನ್ನು ಒಂದಕ್ಷರವೂ ಬದಲಿಸದೆ ಹೇಳುವುದು ನಮ್ಮಲ್ಲಿ ನಿಷ್ಠೆ. ಒಂದೇ ಸಂಗತಿಯನ್ನು ಹತ್ತು ಮಂದಿ ಹತ್ತು ಬಗೆಯಾಗಿ ಹೇಳಿದರೆ ನಮಗೆ ಅನುಮಾನ ಬರುತ್ತದೆ. ಹತ್ತು ಮಂದಿಯೂ ಅಕ್ಷರ ತಪ್ಪದೆ ಒಂದೇ ಮಾತು ಹೇಳಿದರೆ ಅದಕ್ಕೆ ಒಕ್ಕೊರಲು ಎನ್ನುತ್ತೇವೆ. ಒಕ್ಕೊರಲಿಗಿಂತ ದೊಡ್ಡ ಸಾಕ್ಷ್ಯ ತಾಳೆಮನೆಯಲ್ಲಿ ಇಲ್ಲ.

ನೀವು ಇಷ್ಟು ಹೊತ್ತಿಗೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿರಬೇಕು. ನಿಮ್ಮ ನಲವತ್ತೆರಡು ಫೈಲುಗಳೂ ಒಕ್ಕೊರಲಾಗಿದ್ದವು.

'ನಮ್ಮ ಊರಾದ ಕಾಚನಗೆರೆಯ ಕೆರೆಯು ಅತ್ಯಂತ ಪ್ರಾಚೀನವಾದುದು. ಇದರ ತೂಬು ಏರಿಯ ದಕ್ಷಿಣ ತುದಿಯಲ್ಲಿದೆ. ಏರಿಯ ಒಳಭಾಗದಲ್ಲಿ ಭದ್ರವಾದ ಕಲ್ಲುಗಳನ್ನು ತುಂಬಿರುವುದರಿಂದ ಅದು ಎಂದಿಗೂ ಒಡೆಯುವುದಿಲ್ಲ. ಬನ್ನಿ, ಕೆರೆಗಳನ್ನು ಉಳಿಸೋಣ, ನಾಡನ್ನು ಬೆಳೆಸೋಣ.' ಇದನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ ಈಗ ಜ್ವರ ಬಂದರೆ ಇದನ್ನೇ ಬಡಬಡಿಸುತ್ತೇನೆ. ಕೆಲವರದು ಅಚ್ಚಿನಲ್ಲಿತ್ತು, ಕೆಲವರದು ಕೈಬರಹದಲ್ಲಿತ್ತು, ಮಾತು ಮಾತ್ರ ಅದೇ. ಒಬ್ಬ ಪುಣ್ಯಾತ್ಮ ಕೈಬರಹದಲ್ಲಿ ಮುತ್ತು ಪೋಣಿಸಿದ ಹಾಗೆ 'ಮುಂದೆ ಓದಲು ಇಲ್ಲಿ ಒತ್ತಿ' ಎಂದೂ ಬರೆದಿದ್ದ. ನನ್ನ ಗುರುಗಳು ಅದನ್ನು ಏನೋ ಮುದ್ರೆಯ ಸೂಚನೆ ಎಂದು ತಿಳಿದು ಆ ಜಾಗವನ್ನು ಬಹಳ ಸಲ ಒತ್ತಿ ನೋಡಿದ್ದರು. ಎಲ್ಲರ ಕೊನೆಯ ಸಾಲೂ ಒಂದೇ: 'ಆಕರ: ಇಂಟರ್ನೆಟ್'. ತಾಳೆಮನೆಗೆ ಹೊಸದಾಗಿ ಸೇರಿದವರು ಇಂಟರ್ನೆಟ್ ಎಂದರೆ ನಿಮ್ಮೂರಿನ ಶಾನುಭೋಗರಿರಬೇಕು ಎಂದುಕೊಳ್ಳುತ್ತಾರೆ. ಊರಿನ ಪ್ರತಿ ಮಗುವೂ ಹೋಗಿ ಕೇಳುತ್ತಿದ್ದ, ಎಲ್ಲರಿಗೂ ಬೇಸರಿಸದೆ ಒಂದೇ ಮಾತು ಹೇಳುತ್ತಿದ್ದ, ಕಾಚನಗೆರೆಯಲ್ಲೇ ಹುಟ್ಟಿ ಬೆಳೆದ ಒಬ್ಬ ಮುದುಕ. ಅದು ಯಂತ್ರವೆಂದು ನನಗೆ ಗೊತ್ತಿತ್ತು, ನೀವು ನೋಡಿ ಬರೆದದ್ದನ್ನೇ ಅದರಲ್ಲಿ ಕೂಡಿಡುತ್ತಿದ್ದಿರಿ ಎಂದುಕೊಂಡಿದ್ದೆ. ನಿಮ್ಮ ಮನೆ ಮುಂದಿನ ಕೆರೆಯ ವಿಷಯವನ್ನು ನೀವು ಕಣ್ಣಿನಿಂದ ನೋಡದೆ ಯಂತ್ರದಿಂದ ಇಳಿಸಿಕೊಂಡಿರಬಹುದೆಂದು ನನಗೆ ಹೊಳೆಯಲೇ ಇಲ್ಲ. ಅಂಥದ್ದನ್ನು ಊಹಿಸುವಷ್ಟು ಕೆಟ್ಟ ಬುದ್ಧಿ ನನಗಿರಲಿಲ್ಲ.

ಈಗ ಕೆರೆಯ ಮಾತು. ಎರಡು ವರ್ಷದ ಹಿಂದಿನವರೆಗೆ ಅದು ಜಾಲಿ ಬೆಳೆದ ಬರಿಯ ಹಳ್ಳ. ಆಮೇಲೆ ಸಾಲಾಗಿ ಎರಡು ಮಳೆಗಾಲ ಬಂದವು, ಕೆರೆ ತುಂಬಿತು. ಅಷ್ಟು ನೀರನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಮುದುಕರು ದಿನವಿಡೀ ಏರಿಯ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದರು. ಆದರೆ ನೀರು ಹೊಲಕ್ಕೆ ಹರಿಯಬೇಕಾದರೆ ತೂಬು ತೆರೆಯಬೇಕು. ತೂಬು ಎಂದರೆ ಏರಿಯಡಿಯಲ್ಲಿ ಹಾದುಹೋಗುವ ಕಲ್ಲುಗಾಲುವೆಯ ಬಾಯಿ ಎಂದು ನಿಮಗೆ ಹೇಳಿಕೊಡಬೇಕಾಗಿ ಬಂದರೂ ನನಗೆ ಆಶ್ಚರ್ಯವಿಲ್ಲ. ಮುಂದಿನ ಮಳೆಗೆ ಮೊದಲು ಒಂದಿಷ್ಟು ನೀರು ಬಿಡದಿದ್ದರೆ ಏರಿ ತಡೆಯುತ್ತಿರಲಿಲ್ಲ. ಏರಿಯ ಉದ್ದ ಎರಡು ಸಾವಿರ ಹೆಜ್ಜೆ. ಇನ್ನೂರ ಅರವತ್ತು ವರ್ಷದ ಹೂಳಿನಲ್ಲಿ ತೂಬು ಎಲ್ಲಿ ಮುಚ್ಚಿಹೋಗಿತ್ತೋ ಯಾರಿಗೂ ತಿಳಿಯದು, ಸಿಕ್ಕಸಿಕ್ಕಲ್ಲಿ ಅಗೆದರೆ ಏರಿಗೇ ಅಪಾಯ. ಊರಿನ ಸಭೆ ತಾಳೆಮನೆಯನ್ನು ಕೇಳಿತು. ನಾನು ಎದ್ದು ನಿಂತು ಹೇಳಿದೆ: ದಕ್ಷಿಣ ತುದಿ.

ಅಗೆಯುವ ಹೊಣೆ ನನ್ನ ಅಕ್ಕ ದ್ಯಾವಮ್ಮನದು. ಬಾವಿ ತೋಡುವುದರಲ್ಲಿ ಈ ಸೀಮೆಯಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಒಂದು ಹಿಡಿ ಮಣ್ಣು ಮೂಸಿ ನೀರು ಎಷ್ಟು ಮೊಳದಲ್ಲಿದೆ ಎನ್ನುವವಳು, ಬರೆದದ್ದನ್ನು ನಂಬುವ ಪೈಕಿಯವಳೇ ಅಲ್ಲ. ನನ್ನ ಕೆಲಸವನ್ನು ನೆರಳಿನಲ್ಲಿ ಕೂತು ಸತ್ತವರ ಜೊತೆ ಹರಟೆ ಹೊಡೆಯುವುದು ಎಂದು ಗೇಲಿ ಮಾಡುತ್ತಿದ್ದಳು. ದಕ್ಷಿಣ ತುದಿಯ ಮಣ್ಣನ್ನು ಮುಟ್ಟಿ ನೋಡಿ ಮುಖ ಕಿವುಚಿದಳು ಕೂಡ. ಆದರೂ ಎಷ್ಟು ಮಂದಿ ಹೇಳಿದ್ದಾರೆ ಎಂದು ಕೇಳಿದಳು. ನಾನು ಸಂಖ್ಯೆ ಹೇಳಿದೆ.

"ನಲವತ್ತೆರಡು ಮಕ್ಕಳು ಒಂದೇ ಮಾತು ಹೇಳವ್ರೆ ಅಂದ್ಮೇಲೆ ನಂದೇನೈತೆ," ಎಂದಳು. "ಹಾರೆ ಕೊಡು ಇತ್ತ."

ಏರಿಯ ಹೊರಮಗ್ಗುಲಿನಿಂದ ಅಗೆಯತೊಡಗಿದರು. ಮೂರು ದಿನ ಕೆಲಸ ನಡೆಯಿತು. ಮೂರನೆಯ ದಿನ ಬೆಳಗಿನ ಗಂಜಿಯ ಹೊತ್ತಿಗೆ ಹನ್ನೊಂದು ಮೊಳ ಆಳಕ್ಕೆ ಇಳಿದಿದ್ದರು. ನಾನು ನಿಮ್ಮ ಫೈಲೊಂದನ್ನು ಕೈಯಲ್ಲಿ ಹಿಡಿದು ಮೇಲೆ ನಿಂತಿದ್ದೆ, ದೊಡ್ಡ ಪಂಡಿತೆಯ ಹಾಗೆ. ಅಕ್ಕ ಕೆಳಗಿನಿಂದ ಕೂಗಿದಳು.

"ಪಿಳ್ಳೀ, ಕಲ್ಲೆಲ್ಲೂ ತಗಲ್ತಾ ಇಲ್ವಲ್ಲೇ. ಬರೀ ಮೆತ್ನೆ ಮಣ್ಣು. ಸಾಕು ಮಾಡಾನ?"

ನಾನು ಫೈಲು ನೋಡಿದೆ. ಭದ್ರವಾದ ಕಲ್ಲುಗಳು ಎಂದಿತ್ತು.

"ಇನ್ನೊಂದು ಮೊಳ ಇಳಿಯಕ್ಕ," ಎಂದೆ. "ಕಲ್ಲೈತೆ ಅಂತ ಬರೆದವ್ರೆ."

ಅವಳು ಇಳಿದಳು. ಮೊದಲು ಗುಂಡಿಯ ಒಳಗೋಡೆ ಬೆವರಿದ ಹಾಗೆ ಒದ್ದೆಯಾಯಿತು, ಆಮೇಲೆ ಗೋಡೆಯೇ ಮುಂದಕ್ಕೆ ಬಂತು. ಅಕ್ಕನ ಜೊತೆ ಗುಂಡಿಯಲ್ಲಿದ್ದ ಇನ್ನಿಬ್ಬರೂ ಸತ್ತುಹೋದರು. ಒಬ್ಬಳಿಗೆ ಹಾಲು ಕುಡಿಯುವ ಕೂಸಿತ್ತು. ಇಡೀ ಕೆರೆ ಆ ತೂತಿನಿಂದ ನುಗ್ಗಿ, ಮಧ್ಯಾಹ್ನದೊಳಗೆ ಕೆಳಗಿನ ಹೊಲಗಳನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಅಕ್ಕ ಮೂರು ದಿನದ ಮೇಲೆ ಹುಣಸೆ ತೋಪಿನ ಬೇಲಿಯಲ್ಲಿ ಸಿಕ್ಕಳು. ಬೆರಳುಗಳು ಹಾರೆ ಹಿಡಿದ ಹಾಗೆಯೇ ಮಡಚಿಕೊಂಡಿದ್ದವು. ಈಗ ಕೆರೆಯಲ್ಲಿ ಕೆಸರಿದೆ, ನೀರಿಲ್ಲ. ಬಿಸಿಲುಮಾಸ ಮುಗಿದ ಕೂಡಲೇ ಅರ್ಧ ಊರು ಗಂಟುಮೂಟೆ ಕಟ್ಟಲಿದೆ. ನಿಮ್ಮ ಪ್ರಾಜೆಕ್ಟಿಗೆ ಐದು ಅಂಕ ಇತ್ತೆಂದು ಕಾಣುತ್ತದೆ.

ನಿಮ್ಮ ಕಳ್ಳತನ ನನಗೆ ಗೊತ್ತಾದದ್ದು ಆಮೇಲೆ. ನಮ್ಮಲ್ಲಾದ ಅನಾಹುತ ಕೇಳಿ, ಒಂಬತ್ತು ದಿನದ ದಾರಿಯಲ್ಲಿರುವ ಇನ್ನೊಂದು ಊರಿನ ತಾಳೆಮನೆಯವರು ತಮ್ಮಲ್ಲಿದ್ದ ಒಂದು ಶಾಲೆಯ ಫೈಲನ್ನು ಕಳಿಸಿದರು. ಅಲ್ಲಿಯೂ ಮಿಂಚುಪುಡಿ, ಅಲ್ಲಿಯೂ ಪ್ಲಾಸ್ಟಿಕ್ ಕವರು. ಅವರ ಕೆರೆಯೂ ಅತ್ಯಂತ ಪ್ರಾಚೀನ, ಅವರ ತೂಬೂ ದಕ್ಷಿಣ ತುದಿಯಲ್ಲಿ, ಅವರ ಏರಿಯೂ ಎಂದಿಗೂ ಒಡೆಯುವುದಿಲ್ಲ. ಊರಿನ ಹೆಸರು ಮಾತ್ರ ಬೇರೆ. ನಾನು ಮತ್ತೆ ನಿಮ್ಮ ಫೈಲುಗಳ ಮುಂದೆ ಕೂತೆ, ಈ ಸಲ ನಿಮ್ಮನ್ನು ನಂಬದೆ ಓದಿದೆ. ಇಪ್ಪತ್ತಾರನೆಯ ಫೈಲಿನಲ್ಲಿ 'ನಮ್ಮ ಊರಾದ' ಎಂಬುದರ ಮುಂದೆ, ಮೊದಲು ನಾನು ಲಕ್ಷ್ಯ ಕೊಡದೆ ದಾಟಿದ್ದ ಚುಕ್ಕಿಗಳ ಸಾಲು ಹಾಗೆಯೇ ಉಳಿದಿತ್ತು, ಅದರ ಕೆಳಗೆ 'ಇಲ್ಲಿ ನಿಮ್ಮ ಊರಿನ ಹೆಸರು ಬರೆಯಿರಿ' ಎಂದಿತ್ತು. ಆ ಮಹಾರಾಯನಿಗೆ ಅಷ್ಟು ಮಾಡುವುದಕ್ಕೂ ಪುರಸೊತ್ತಿರಲಿಲ್ಲ.

ಹದಿನೇಳನೆಯ ಫೈಲಿನವಳು ಇನ್ನೂ ಮೇಲು. ಅವಳು ಹುಡುಕುಯಂತ್ರ ತೋರಿಸಿದ ಪಟ್ಟಿಯನ್ನೇ ಅಚ್ಚು ಹಾಕಿಸಿ ಫೈಲಿನ ಮೊದಲ ಹಾಳೆ ಮಾಡಿದ್ದಳು. ಇಷ್ಟು ವರ್ಷ ನಾವು ಅದನ್ನು ವಿಷಯಸೂಚಿ ಎಂದುಕೊಂಡಿದ್ದೆವು. ಮೇಲ್ಗಡೆ ನೀವು ಯಂತ್ರಕ್ಕೆ ಹಾಕಿದ ಪ್ರಶ್ನೆ ಇದೆ: '4. ನಿಮ್ಮ ಊರಿನ ಕೆರೆಯ ಬಗ್ಗೆ ಮಾಹಿತಿ ಸಂಗ್ರಹಿಸಿ ಬರೆಯಿರಿ (5 ಅಂಕಗಳು) ಕಾಚನಗೆರೆ'. ಪುಸ್ತಕದಲ್ಲಿದ್ದದ್ದನ್ನು ಪ್ರಶ್ನೆಯ ಸಂಖ್ಯೆ ಸಮೇತ, ಅಂಕದ ಸಮೇತ ಎತ್ತಿ ಹಾಕಿದ್ದೀರಿ. 'ನಿಮ್ಮ ಊರು' ಎಂದು ಕೇಳಿಸಿಕೊಂಡ ಯಂತ್ರ ಪಾಪ ಏನು ಮಾಡಬೇಕು? ಪಟ್ಟಿಯ ಮೊದಲನೆಯ ಸಾಲಿನಲ್ಲೇ ಮಾದರಿ ಪ್ರಾಜೆಕ್ಟು ಕೊಟ್ಟಿತು. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಅದಕ್ಕೆ ಕಾಲಿಲ್ಲ, ಅದು ಕಾಚನಗೆರೆಗೆ ಬಂದು ನೋಡಿರಲಿಲ್ಲ. ಸಿಟ್ಟು ಬರುವುದು ಪಟ್ಟಿಯ ಮೂರನೆಯ ಸಾಲು ನೋಡಿದಾಗ. ಅಲ್ಲಿ 'ಕಾಚನಗೆರೆ ಕೆರೆ: ಏರಿ, ತೂಬು, ಕೋಡಿ, ಹಳೆಯ ಅಳತೆಗಳು' ಎಂದಿದೆ. ಯಾರೋ ಬಂದು ಅಳೆದು ಬರೆದಿಟ್ಟಿದ್ದರು. ಯಂತ್ರ ಅದನ್ನೂ ಹುಡುಕಿ ನಿಮ್ಮ ಮುಂದಿಟ್ಟಿತ್ತು. ಮೊದಲನೆಯ ಸಾಲಿನಿಂದ ಮೂರನೆಯ ಸಾಲಿಗೆ ಒಂದು ಬೆರಳಗಲವೂ ಇಲ್ಲ. ನಲವತ್ತೆರಡು ಮಂದಿಯಲ್ಲಿ ಒಬ್ಬರ ಬೆರಳೂ ಅಲ್ಲಿಗೆ ಹೋಗಲಿಲ್ಲ.

ಈಗ ಮೂವತ್ತೊಂದನೆಯ ಫೈಲು. ಮೇಘಶ್ರೀ ಎಂಬ ಹುಡುಗಿಯದು. ಅದರಲ್ಲಿ ಅದೇ ಒಕ್ಕೊರಲಿನ ಪ್ರಾಜೆಕ್ಟಿದೆ, ಅದರ ಬೆನ್ನಿಗೆ ಅದೇ ಕವರಿನೊಳಗೆ ಮಡಚಿಟ್ಟ ಇನ್ನೊಂದು ಹಾಳೆಯಿದೆ, ಅದೂ ಅವಳದೇ ಅಕ್ಷರ. ಅದು ಹೀಗೆ ಶುರುವಾಗುತ್ತದೆ: 'ನಮ್ಮ ಮನೆಯ ಫೋನ್ ಕೆಟ್ಟುಹೋಗಿರುವುದರಿಂದ ನಾನು ನಮ್ಮ ತಾತ ಮುನಿಶಾಮಪ್ಪನವರನ್ನು ಕೇಳಿ ಬರೆದಿದ್ದೇನೆ. ಕ್ಷಮಿಸಿ ಸರ್.' ತಾತ ಹಿಂದೆ ನೀರುಗಂಟಿಯಾಗಿದ್ದರಂತೆ, ಅಂದರೆ ತೂಬು ತೆರೆದು ಹೊಲಗಳಿಗೆ ನೀರು ಹಂಚುವವರು. ತೂಬು ಇರುವುದು ಉತ್ತರದ ತಿರುವಿನಲ್ಲಿ, ಎರಡು ಕಲ್ಲುಕಂಬ, ಮೇಲೊಂದು ಅಡ್ಡ ಚಪ್ಪಡಿ, ಎಂದು ಬರೆದು ಚಿತ್ರವನ್ನೂ ಬಿಡಿಸಿದ್ದಾಳೆ. ದಕ್ಷಿಣ ತುದಿಯಲ್ಲಿ ತಾತನ ಅಪ್ಪನ ಕಾಲದಲ್ಲಿ ಏರಿ ಒಡೆದು, ಅವಸರದಲ್ಲಿ ಹುಲ್ಲು ಮಣ್ಣು ತುಂಬಿ ಮುಚ್ಚಿದ್ದರಂತೆ. ತಾತನ ಮಾತನ್ನು ಅವರು ಆಡಿದ ಹಾಗೆಯೇ ಬರೆದಿಟ್ಟಿದ್ದಾಳೆ: "ಅಲ್ಲಿ ಯಾರೂ ಅಗೀಬ್ಯಾಡ್ರಪ್ಪ. ಅದು ಹುಣ್ಣು ಮಾದಿರೋ ಜಾಗ ಇದ್ದಂಗೆ. ಮುಟ್ಟಿದ್ರೆ ಬಿಟ್ಕೊತದೆ."

ಆ ಹಾಳೆಯ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೀಟು ಎಳೆದಿದೆ. ಪಕ್ಕದಲ್ಲಿ ಮೇಷ್ಟ್ರೇ, ನಿಮ್ಮ ಅಕ್ಷರ: 'ಬೇರೆಯವರದ್ದಕ್ಕೆ ಹೊಂದುತ್ತಿಲ್ಲ. ಇಂಟರ್ನೆಟ್ ನೋಡಿ ಮತ್ತೆ ಬರೆ.' ನಿಮ್ಮನ್ನು ಏನೆಂದು ಬಯ್ಯಲಿ? ನಲವತ್ತೊಂದು ಮಂದಿ ಒಂದೇ ತಪ್ಪು ಮಾಡಿದ್ದು ನಿಮಗೆ ಒಳ್ಳೆಯ ಲಕ್ಷಣವಾಗಿ ಕಂಡಿತು. ತಿದ್ದುವುದಕ್ಕೂ ಸುಲಭವಾಯಿತು, ಒಂದು ಓದಿದರೆ ಎಲ್ಲವನ್ನೂ ಓದಿದ ಹಾಗೆ. ಊರಿನ ಕೆರೆಯ ಬಗ್ಗೆ ಮಾಹಿತಿ ಸಂಗ್ರಹಿಸಿ ಎಂದು ಕೇಳಿದವರು ನೀವು, ಸಂಗ್ರಹಿಸಿ ತಂದ ಒಬ್ಬಳನ್ನು ಹಿಂದಕ್ಕೆ ಅಟ್ಟಿದವರೂ ನೀವು. ಮೇಘಶ್ರೀ, ನಿನ್ನ ಮೇಲೂ ನನಗೆ ಸಿಟ್ಟಿದೆ. ಸರಿಯಾದದ್ದು ನಿನಗೆ ಗೊತ್ತಿತ್ತು. ಗೊತ್ತಿದ್ದೂ ಯಾರದೋ ಫೋನು ಕೇಳಿ ಇಸಕೊಂಡು ದಕ್ಷಿಣ ತುದಿ ಎಂದು ಬರೆದೆ, ನಲವತ್ತೆರಡನೆಯ ಸಾಕ್ಷಿಯಾದೆ. ಮನೆಗೆ ಹೋಗಿ ತಾತನಿಗೆ ಏನು ಹೇಳಿದೆಯೋ ತಿಳಿಯದು. ಆದರೆ ಮೊದಲಿನ ಹಾಳೆಯನ್ನು ನೀನು ಹರಿಯಲಿಲ್ಲ, ಅದನ್ನೂ ಹೇಳಬೇಕು.

ಆ ಹಾಳೆ ಮೊದಲೇ ನಿನ್ನ ಕಣ್ಣಿಗೆ ಬಿದ್ದಿರಲಿಲ್ಲವೇ ಎಂದು ನೀವು ನನ್ನನ್ನು ಕೇಳಬೇಕು. ಬಿದ್ದಿತ್ತು. ಹನ್ನೆರಡು ವರ್ಷದ ಹಿಂದೆಯೇ ಓದಿದ್ದೆ. ಒಬ್ಬರೇ ಎರಡು ಸಾಕ್ಷ್ಯ ಕೊಟ್ಟಿದ್ದರೆ ಎರಡನೆಯದೇ ಗಟ್ಟಿ ಎಂಬುದು ತಾಳೆಮನೆಯ ನಿಯಮ. ಹುಡುಗಿ ತಪ್ಪು ಬರೆದು, ಗುರುಗಳು ತಿದ್ದಿದ ಮೇಲೆ ಸರಿ ಬರೆದಿದ್ದಾಳೆ ಎಂದು ನಮೂದಿಸಿ ಹಾಳೆಯನ್ನು ಮತ್ತೆ ಮಡಚಿಟ್ಟೆ. ಅಕ್ಕ ಗುಂಡಿಯೊಳಗಿನಿಂದ ಮೆತ್ತನೆ ಮಣ್ಣು ಎಂದು ಕೂಗಿದಾಗ ಹುಲ್ಲು ಮಣ್ಣಿನ ಮಾತು ಎಲ್ಲೋ ಓದಿದ ಹಾಗಿದೆಯಲ್ಲ ಎಂದು ಒಂದು ಕ್ಷಣ ಅನ್ನಿಸಿತ್ತು. ಸಾಕ್ಷಿಗಳೇ, ಆಗ ನಾನು ಮಾಡಬೇಕಾಗಿದ್ದದ್ದು ಗುಂಡಿಯೊಳಗೆ ಬಗ್ಗಿ ನೋಡುವುದು. ನಾನು ಫೈಲು ನೋಡಿದೆ. ಊರಿನವರು ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಅಕ್ಕನ ಮಗಳು ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬೆಳಿಗ್ಗೆ ಏರಿಯ ಮೇಲೆ ಒಪ್ಪಿಸುವಾಗ ನನ್ನ ಕಡೆ ಬೆನ್ನು ಮಾಡಿ ನಿಲ್ಲುತ್ತಾಳೆ. ನಾನು ನಿಮಗೆ ಹಾಕುತ್ತಿರುವ ಶಾಪದಲ್ಲಿ ನನಗೂ ಪಾಲಿದೆ, ಬೇಡವೆನ್ನುವುದಿಲ್ಲ.

ಮೊನ್ನೆ ಮೇಘಶ್ರೀಯ ಹಾಳೆಯನ್ನು ಹಿಡಿದುಕೊಂಡು ಉತ್ತರದ ತಿರುವಿಗೆ ಹೋದೆ. ನೀರು ಖಾಲಿಯಾಗಿದ್ದರಿಂದ ಕೆರೆಯ ಒಳಮಗ್ಗುಲಿಗೆ ಇಳಿಯಬಹುದಿತ್ತು. ಅವಳು ಬಿಡಿಸಿದ ಚಿತ್ರದ ಪ್ರಕಾರ ನಿಂತು ಬರಿಗೈಯಲ್ಲಿ ಕೆಸರು ತೋಡಿದೆ. ಮೊಣಕಾಲುದ್ದ ತೋಡುವಷ್ಟರಲ್ಲಿ ಚಪ್ಪಡಿ ಸಿಕ್ಕಿತು. ಎರಡು ಕಂಬ, ಮೇಲೊಂದು ಅಡ್ಡ ಚಪ್ಪಡಿ. ಇಷ್ಟೇ ಆಳ, ಒಬ್ಬ ಹೆಂಗಸಿನ ಒಂದು ಬೆಳಗಿನ ಕೆಲಸ. ಕೆಸರು ಒರೆಸಿದೆ. ಕಲ್ಲಿನ ಮೇಲುಭಾಗ ನುಣ್ಣಗಿತ್ತು, ಅಂಚಿನ ಸುತ್ತ ಯಾವುದೋ ಮೊಳೆಯಿಂದ ಕೆರೆದ ಅಕ್ಷರಗಳಿದ್ದವು. ಅವು ಹೆಸರುಗಳು. ಓದುತ್ತಾ ಹೋದರೆ ಒಂದೊಂದೂ ನನಗೆ ಪರಿಚಿತ, ಫೈಲುಗಳ ಮೇಲೆ ಹನ್ನೆರಡು ವರ್ಷದಿಂದ ಓದುತ್ತಿರುವ ಹೆಸರುಗಳೇ. ನನಗೆ ಏನೂ ಅರ್ಥವಾಗಲಿಲ್ಲ. ಮೇಘಶ್ರೀಯ ಹಾಳೆಯಲ್ಲಿ ಕೆಂಪು ಗೀಟಿನಡಿ ಮಸುಕಾಗಿದ್ದ ಕೊನೆಯ ಎರಡು ಸಾಲುಗಳನ್ನು ಇಷ್ಟು ವರ್ಷ ಓದಲಾಗಿರಲಿಲ್ಲ. ಅಲ್ಲಿಯೇ ನಿಂತು, ಹಾಳೆಯನ್ನು ಬಿಸಿಲಿಗೆ ಎದುರಾಗಿ ಹಿಡಿದು ಓದಿದೆ.

'ನಮ್ಮ ಊರಿನಲ್ಲಿ ಏರಿಯ ಹತ್ತಿರ ಮಾತ್ರ ನೆಟ್‌ವರ್ಕ್ ಸಿಗುತ್ತದೆ. ನಮ್ಮ ಕ್ಲಾಸಿನವರೆಲ್ಲ ಶಾಲೆ ಬಿಟ್ಟ ಮೇಲೆ ಈ ಕಲ್ಲಿನ ಮೇಲೆಯೇ ಕೂತು ಇಂಟರ್ನೆಟ್‌ನಲ್ಲಿ ಪ್ರಾಜೆಕ್ಟ್ ಹುಡುಕುತ್ತಾರೆ.'

ಕೋರಿಕೆಯೊಂದನ್ನು ಬರೆಯದೆ ಹಿಂದೋಲೆ ಮುಗಿಸಬಾರದಂತೆ. ನನ್ನದು ದೊಡ್ಡದೇನಲ್ಲ. ಇದು ನಿಮ್ಮ ಕೈ ಸೇರುವ ಹೊತ್ತಿಗೆ ನೀವು ಅಲ್ಲಿಯೇ ಕೂತಿರುತ್ತೀರಿ, ತಲೆ ಬಗ್ಗಿಸಿಕೊಂಡು, ಒಬ್ಬರಿಗೊಬ್ಬರು ಒತ್ತಿಕೊಂಡು. ಎದ್ದೇಳಿ. ಕೆಳಗೆ ಇಳಿದು ನಿಂತು, ಇಷ್ಟು ಹೊತ್ತು ಕೂತಿದ್ದ ಕಲ್ಲನ್ನು ಒಮ್ಮೆ ನೋಡಿ. ನನ್ನ ಅಕ್ಕ ಹುಡುಕುತ್ತಿದ್ದದ್ದು ಅದನ್ನೇ.

ತಾಳೆಗಾರ್ತಿ ಪಿಳ್ಳಮ್ಮ